ಹಳೇ ಪ್ಯಾಟರ್ನ್, ನಮ್ಮ ಮೈಯ ಅಳತೆ

ದಾವಣಗೆರೆಯಲ್ಲಿ ಬೆಳಗಿನ ಚಳಿ ಶುರುವಾದ ಕೂಡಲೇ ನನಗೆ ಬರುವ ಕಾಗದಗಳು ಜಾಸ್ತಿಯಾಗುತ್ತವೆ. ಈ ಸಲ ಬಂದವುಗಳಲ್ಲಿ ಬಹಳಷ್ಟು ಹಳೇ ಕಾಲದ ಸ್ವೆಟರ್ ಬಗ್ಗೆಯೇ ಇವೆ. ಅಜ್ಜಿ ಹಾಕಿದ್ದು, ಟ್ರಂಕಿನಲ್ಲಿ ಸಿಕ್ಕಿದ್ದು, ಹಳೇ ಇಂಗ್ಲಿಷ್ ಪುಸ್ತಕದಲ್ಲಿ ನೋಡಿದ್ದು. ಮನೆಯಲ್ಲಿ ಹೆಣಿಗೆ ಕಲಿಸುವ ನನಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಕಾಗದಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ. ಉತ್ತರಗಳನ್ನು ಮಾತ್ರ ಎಷ್ಟು ಬೇಕೋ ಅಷ್ಟು ಬರೆದಿದ್ದೇನೆ.

ಪ್ರಶ್ನೆ: ಆಂಟಿ, 1940ರ ದಶಕದ ಒಂದು ಇಂಗ್ಲೆಂಡಿನ ಪ್ಯಾಟರ್ನ್ ಸಿಕ್ಕಿದೆ. ಗಿಡ್ಡ ಸ್ವೆಟರ್, ಬುಗ್ಗೆ ತೋಳು, ನೋಡೋಕೆ ತುಂಬಾ ಚೆಂದ. ಆದರೆ ಅದರಲ್ಲಿ ಇರೋದು ಒಂದೇ ಅಳತೆ, ಎದೆ 34 ಇಂಚು. ನನ್ನದು 38. 12ನೇ ನಂಬರ್ ಕಡ್ಡಿ, 3 ಪ್ಲೈ ದಪ್ಪದ ದಾರ ಅಂತ ಬೇರೆ ಇದೆ. ಇಲ್ಲಿ 3 ಪ್ಲೈ ಸಿಗುತ್ತಿಲ್ಲ. ಆಸೆ ಬಿಡಲಾ?
— ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಯಾಕಮ್ಮ ಬಿಡ್ತೀಯಾ? ಖಂಡಿತ ಹಾಕಬಹುದು. ಆ ಪ್ಯಾಟರ್ನ್‌ನಿಂದ ಡಿಸೈನ್ ತಗೋ, ಆಕಾರ ತಗೋ. ಕುಣಿಕೆಗಳ ಲೆಕ್ಕ ಮಾತ್ರ ನಿನ್ನದೇ ಇರಲಿ. ಆ ಲೆಕ್ಕ ಬೇರೆ ಯಾರದೋ ಮೈಗೆ, ಬೇರೆ ಯಾವುದೋ ದಾರಕ್ಕೆ ಕಟ್ಟಿದ್ದು.

ಮೊದಲು ಕಡ್ಡಿ ವಿಷಯ. ನಮ್ಮಲ್ಲಿ ಸಿಗುವ ಅಲ್ಯೂಮಿನಿಯಂ ಕಡ್ಡಿಗಳಿಗೂ ಹಳೇ ಇಂಗ್ಲೆಂಡಿನ ನಂಬರೇ ಇರುತ್ತದೆ. ಅದರಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣದು. 12 ಅಂದರೆ ಸುಮಾರು 2.75 ಮಿ.ಮೀ., 10 ಅಂದರೆ 3.25, 8 ಅಂದರೆ 4 ಮಿ.ಮೀ. ಅಮೆರಿಕದ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅವರ 10ನೇ ನಂಬರ್ 6 ಮಿ.ಮೀ. ದಪ್ಪ ಇರುತ್ತದೆ. ಪ್ಯಾಟರ್ನ್ ಯಾವ ದೇಶದ್ದು ಅಂತ ನೋಡದೆ ಕಡ್ಡಿ ಕೊಳ್ಳಬೇಡ. ನಿನ್ನದು ಇಂಗ್ಲೆಂಡಿನದು, ಹಾಗಾಗಿ ತೊಂದರೆ ಇಲ್ಲ.

3 ಪ್ಲೈ ಸಿಗದಿದ್ದರೆ ತೆಳ್ಳನೆಯ 4 ಪ್ಲೈ ತಗೋ, 10ನೇ ನಂಬರ್ ಕಡ್ಡಿ ಹಿಡಿ. ಸ್ವೆಟರ್ ಶುರು ಮಾಡುವ ಮುಂಚೆ ಅದೇ ದಾರ, ಅದೇ ಕಡ್ಡಿಯಲ್ಲಿ 5 ಇಂಚಿನ ಒಂದು ಚೌಕ ಹಾಕು. ಅದನ್ನು ಒಗೆದು, ಮಟ್ಟಸವಾಗಿ ಹರಡಿ ಒಣಗಿಸು. ಆಮೇಲೆ ಮಧ್ಯದ 4 ಇಂಚಿನಲ್ಲಿ ಎಷ್ಟು ಕುಣಿಕೆ ಇವೆ ಅಂತ ಎಣಿಸು. ಅಂಚಿನ ಕುಣಿಕೆ ಎಳೆದುಕೊಂಡಿರುತ್ತವೆ, ಅವನ್ನು ಲೆಕ್ಕಕ್ಕೆ ತಗೋಬೇಡ. ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಕೆಲಸ ಇದು. ಒಂದು ಸಂಜೆಯ ಈ ಕೆಲಸ ಮಾಡದೆ ತಿಂಗಳುಗಟ್ಟಲೆ ಹೆಣೆದ ಸ್ವೆಟರ್ ಮೈಗೆ ಕೂರದಿದ್ದರೆ ಹೊಟ್ಟೆ ಉರಿಯುತ್ತದೆ.

ನಿನಗೆ 4 ಇಂಚಿಗೆ 28 ಕುಣಿಕೆ ಬಂತು ಅಂತ ಇಟ್ಟುಕೊ. ಅಂದರೆ ಇಂಚಿಗೆ 7. ಆ ಕಾಲದ ಸ್ವೆಟರ್ ಮೈಗೆ ಅಂಟಿದ ಹಾಗೆ ಕೂರುತ್ತಿತ್ತು, ಸಡಿಲಿಗೆ ಅಂತ ಜಾಸ್ತಿ ಸೇರಿಸುತ್ತಿರಲಿಲ್ಲ. 38 ಇಂಚಿಗೆ 266 ಕುಣಿಕೆ. ಮುಂದೆ 133, ಹಿಂದೆ 133. ಪಕ್ಕದ ಹೊಲಿಗೆಗೆ ಆಚೆಗೊಂದು ಈಚೆಗೊಂದು ಸೇರಿಸಿದರೆ ತಲಾ 135. ಡಿಸೈನ್ 6 ಕುಣಿಕೆಗೊಮ್ಮೆ ತಿರುಗಿ ಬಂದು ಕೊನೆಗೆ ಒಂದು ಉಳಿಯುವಂಥದ್ದಾದರೆ 133 ಸರಿಯಾಗಿ ಹೊಂದುತ್ತದೆ. ಹೊಂದದಿದ್ದರೆ ಒಂದೆರಡು ಕುಣಿಕೆ ಹೆಚ್ಚು ಕಡಿಮೆ ಮಾಡಿಕೊ, ಮೈಗೆ ಗೊತ್ತಾಗುವುದಿಲ್ಲ.

ಇನ್ನು ಕಂಕುಳು. ಇಲ್ಲೇ ಜನ ಎಡವುವುದು. ಎದೆ 4 ಇಂಚು ದೊಡ್ಡದು ಅಂತ ಹೆಗಲನ್ನೂ ಅಷ್ಟೇ ಅಗಲ ಮಾಡಿಬಿಡುತ್ತಾರೆ. ಹೆಗಲಿನ ಮೂಳೆ ಎದೆಯ ಜೊತೆ ಬೆಳೆಯುವುದಿಲ್ಲ, ಅಲ್ವಾ? ನಿನಗೆ ಚೆನ್ನಾಗಿ ಕೂರುವ ಒಂದು ರವಿಕೆ ತೆಗೆದುಕೊಂಡು ಹೆಗಲಿಂದ ಹೆಗಲಿಗೆ ಅಳೆ. 14 ಇಂಚು ಇದೆ ಅಂದುಕೊ, ಅಂದರೆ ಹತ್ತಿರ ಹತ್ತಿರ 97 ಕುಣಿಕೆ. ಹೊಲಿಗೆಯ ಕುಣಿಕೆ ಬಿಟ್ಟು ನೋಡಿದರೆ 133ರಿಂದ 97ಕ್ಕೆ ಬರಲು 36 ಕಳೆಯಬೇಕು, ಒಂದೊಂದು ಪಕ್ಕಕ್ಕೆ 18. ಮೊದಲು 8 ಕುಣಿಕೆ ಒಟ್ಟಿಗೆ ಮುಚ್ಚು, ಅಂದರೆ ಒಂದರ ಮೇಲೊಂದು ದಾಟಿಸಿ ಕಡ್ಡಿಯಿಂದ ಇಳಿಸು. ಉಳಿದ 10 ಅನ್ನು ಸಾಲು ಬಿಟ್ಟು ಸಾಲಿಗೆ ಒಂದೊಂದರಂತೆ ಕಡಿಮೆ ಮಾಡು. ಕಂಕುಳು ಕತ್ತರಿಸಿ ಹೊಲಿದಷ್ಟು ನೀಟಾಗಿ ಬರುತ್ತದೆ.

ಬುಗ್ಗೆ ತೋಳಿಗೆ ಭಯ ಬೇಡ, ನಮ್ಮ ಅಜ್ಜಿಯರ ರವಿಕೆಯಲ್ಲೇ ಇತ್ತು. ತೋಳಿನ ಮೇಲ್ಭಾಗವನ್ನು ಬೇಗ ಸಣ್ಣ ಮಾಡಬೇಡ. ಅಗಲವಾಗಿಯೇ ಮೇಲಕ್ಕೆ ಒಯ್ದು, ಕೊನೆಯ ಒಂದೆರಡು ಸಾಲಿನಲ್ಲಿ ಎರಡೆರಡು ಕುಣಿಕೆ ಸೇರಿಸಿ ಹೆಣೆದು ಮುಚ್ಚು. ನೆರಿಗೆ ತಾನಾಗಿ ಏಳುತ್ತದೆ. ಒಳಗೆ ಒಂದು ತೆಳ್ಳನೆ ಹತ್ತಿ ಪ್ಯಾಡ್ ಇಟ್ಟರೆ ನಿಲ್ಲುತ್ತದೆ.

ಉದ್ದದ ಬಗ್ಗೆ ಒಂದು ಮಾತು. ಆ ಸ್ವೆಟರ್ ಸೊಂಟದ ಹತ್ತಿರವೇ ಮುಗಿಯುತ್ತದೆ, ಯಾಕೆಂದರೆ ಆಗ ಅವರ ಸ್ಕರ್ಟು, ಪ್ಯಾಂಟು ಸೊಂಟದ ಮೇಲೆ ಕೂರುತ್ತಿದ್ದವು. ಚೂಡಿದಾರದ ಉದ್ದ ಟಾಪ್ ಮೇಲೆ ಇದು ಚೆನ್ನಾಗಿ ಕಾಣುವುದಿಲ್ಲ. ಆದರೆ ಸೀರೆಯ ಮೇಲೆ ಹಾಕಿ ನೋಡು! ನೆರಿಗೆ ಸಿಕ್ಕಿಸುವ ಜಾಗಕ್ಕೇ ಬಾರ್ಡರ್ ಬಂದು ನಿಲ್ಲುತ್ತದೆ, ಸೆರಗು ಸಲೀಸಾಗಿ ಬೀಳುತ್ತದೆ. ಸೀರೆಗೆ ಅಂತಲೇ ಮಾಡಿದ ಸ್ವೆಟರ್ ಅನ್ನಿಸುತ್ತದೆ. ಅಂಗಡಿಯ ಉದ್ದನೆ ಸ್ವೆಟರ್‌ಗಿಂತ ಇದೇ ನಮ್ಮ ಹೆಂಗಸರಿಗೆ ಒಪ್ಪುತ್ತದೆ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸೊಂಟಕ್ಕೊಂದು ದಾರ ಕಟ್ಟಿಕೊಂಡು, ಹೆಗಲಿನಿಂದ ಅಲ್ಲಿಗೆ ಅಳೆದು, ಒಂದು ಇಂಚು ಸೇರಿಸು. ಅಷ್ಟು ಸಾಕು.

ಪ್ರಶ್ನೆ: ನಮ್ಮ ಅತ್ತೆಯವರು ಹಾಕಿದ ಮರೂನ್ ಬಣ್ಣದ ಸ್ವೆಟರ್ ಇದೆ. ಮೊಣಕೈ ಹತ್ತಿರ ಎರಡೂ ಕಡೆ ಹರಿದಿದೆ, ಉಳಿದದ್ದು ಗಟ್ಟಿಯಾಗಿದೆ. ಬಿಚ್ಚಿ ಬೇರೆ ಹಾಕಬಹುದೇ? ಅತ್ತೆ ಈಗಿಲ್ಲ, ಬಿಸಾಡಲು ಮನಸ್ಸು ಬರುತ್ತಿಲ್ಲ.
— ಗೃಹಿಣಿ, ಹರಿಹರ

ಉತ್ತರ: ದಯವಿಟ್ಟು ಬಿಸಾಡಬೇಡಿ. ಪೂರ್ತಿ ಬಿಚ್ಚುವುದೂ ಬೇಡ. ಅತ್ತೆಯವರ ಕೈಕೆಲಸ ಮೈಭಾಗದಲ್ಲಿ ಹಾಗೇ ಇರಲಿ. ತೋಳು ಮಾತ್ರ ಹೊಸದು ಮಾಡೋಣ.

ಹರಿದ ಜಾಗಕ್ಕಿಂತ ಒಂದೆರಡು ಇಂಚು ಮೇಲೆ, ದಾರ ಗಟ್ಟಿಯಿರುವ ಕಡೆ ಒಂದು ಸಾಲು ಗುರುತು ಮಾಡಿ. ತೋಳಿನ ಹೊಲಿಗೆ ಬಿಚ್ಚಿ ಚಪ್ಪಟೆ ಹರಡಿಕೊಳ್ಳಿ. ಆ ಸಾಲಿನ ಮಧ್ಯದ ಒಂದು ಕುಣಿಕೆಯನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ಸೂಜಿಯ ತುದಿಯಿಂದ ದಾರವನ್ನು ಎರಡೂ ಪಕ್ಕಕ್ಕೆ ನಿಧಾನವಾಗಿ ಎಳೆಯುತ್ತಾ ಹೋಗಿ. ಕೆಳಗಿನ ತುಂಡು ಬೇರೆಯಾಗುತ್ತದೆ. ಮೇಲೆ ಕುಣಿಕೆಗಳು ಬಾಯಿ ತೆರೆದುಕೊಂಡು ಸಾಲಾಗಿ ನಿಲ್ಲುತ್ತವೆ. ಗಾಬರಿ ಬೇಡ, ಉಲನ್ ಆದರೆ ಅವು ಅಷ್ಟು ಸುಲಭವಾಗಿ ಓಡಿಹೋಗುವುದಿಲ್ಲ. ಒಂದೊಂದನ್ನೇ ಸಣ್ಣ ಕಡ್ಡಿಗೆ ಏರಿಸಿ, ಅಲ್ಲಿಂದ ಮಣಿಕಟ್ಟಿನ ಕಡೆಗೆ ಹೆಣೆಯಿರಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲು ಮಣಿಕಟ್ಟಿನಿಂದ ಮೇಲಕ್ಕೆ ಹೆಣೆದ ತೋಳನ್ನು ಈಗ ನೀವು ಕೆಳಕ್ಕೆ ಹೆಣೆಯುತ್ತಿದ್ದೀರಿ. ಸಾದಾ ಹೆಣಿಗೆಯಾದರೆ ಯಾರಿಗೂ ಗೊತ್ತಾಗದು. ಉಲ್ಟಾ-ಸೀದಾ ಪಟ್ಟಿ ಅಥವಾ ಜಡೆ ಡಿಸೈನ್ ಆದರೆ ಸೇರುವ ಕಡೆ ಅರ್ಧ ಕುಣಿಕೆಯಷ್ಟು ಸರಿದು ಕಾಣುತ್ತದೆ. ಅದಕ್ಕೆ ಅಲ್ಲಿ ಬೇರೆ ಬಣ್ಣದ ಎರಡು ಪಟ್ಟಿ ಹಾಕಿಬಿಡಿ. ಮರೂನ್‌ಗೆ ಸಾಸಿವೆ ಹಳದಿ ಚೆನ್ನಾಗಿ ಒಪ್ಪುತ್ತದೆ. ಸೊಂಟದ ಬಾರ್ಡರ್ ಮೇಲೆ ಸೂಜಿಯಿಂದ ಅದೇ ಬಣ್ಣದ ಒಂದು ಗೆರೆ ಎಳೆದರೆ ಸ್ವೆಟರ್ ಮೊದಲಿನಿಂದಲೇ ಹಾಗಿತ್ತು ಅನ್ನಿಸುತ್ತದೆ.

ಕತ್ತರಿಸಿದ ತೋಳಿನ ತುಂಡನ್ನೂ ಬಿಡಬೇಡಿ, ಅದನ್ನು ಬಿಚ್ಚಿ. ದಾರ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ. ಅದನ್ನು ಹಾಗೇ ಹೆಣೆದರೆ ಮೇಲ್ಮೈ ಏರುಪೇರಾಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಹತ್ತಿ ನೂಲಿನಿಂದ ಸಡಿಲವಾಗಿ ಕಟ್ಟಿ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಉಜ್ಜಬೇಡಿ, ಹಿಂಡಬೇಡಿ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ನೇತುಹಾಕಿ. ಒಣಗುವಷ್ಟರಲ್ಲಿ ಸುರುಳಿ ಬಿಟ್ಟು ನೆಟ್ಟಗಾಗುತ್ತದೆ. ಉಂಡೆ ಸುತ್ತುವಾಗ ಕೈ ಸಡಿಲ ಇರಲಿ, ಎಳೆದು ಸುತ್ತಿದರೆ ದಾರದ ಜೀವ ಹೋಗುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಹೆಂಗಸರು ಮಾಡಿದ್ದೂ ಇದನ್ನೇ. 1941ರ ಜೂನ್‌ನಲ್ಲಿ ಅಲ್ಲಿ ಬಟ್ಟೆಗೆ ರೇಷನ್ ಬಂತು, ಹೆಣೆಯುವ ಉಲನ್‌ಗೂ ಕೂಪನ್ ಕೊಡಬೇಕಿತ್ತು. 1949ರ ತನಕ ಅದು ನಡೆಯಿತು. ಹಳೇ ಸ್ವೆಟರ್ ಬಿಚ್ಚಿ, ಸಿಕ್ಕ ತುಂಡು ದಾರಗಳಲ್ಲಿ ಪಟ್ಟೆ ಪಟ್ಟೆಯಾಗಿ ಹೊಸದು ಹಾಕುತ್ತಿದ್ದರು. ಈಗ ನಾವು ಚೆಂದ ಅಂತ ನೋಡುವ ಆ ಕಾಲದ ಪಟ್ಟೆ ಸ್ವೆಟರ್‌ಗಳಲ್ಲಿ ಎಷ್ಟೋ ಹೀಗೆ ಹುಟ್ಟಿದವು.

ಪ್ರಶ್ನೆ: ಮನೆಯಲ್ಲಿರುವ ಹಳೇ ದಾರ ನಿಜವಾದ ಉಲನ್ನೋ ಅಲ್ಲವೋ ಹೇಗೆ ತಿಳಿಯುವುದು?
— ಓದುಗರು, ಜಗಳೂರು

ಉತ್ತರ: ಒಂದು ಸಣ್ಣ ತುಂಡು ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಉಲನ್ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಗೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್‌ಗೆ ಇಸ್ತ್ರಿ ತಾಗಿಸಬೇಡಿ, ಜೋತುಬಿದ್ದು ಮತ್ತೆ ಸರಿಹೋಗುವುದಿಲ್ಲ. ಉಲನ್‌ಗೆ ಬಿಸಿನೀರಿನಲ್ಲಿ ಉಜ್ಜಾಟ ಬೇಡ, ಕುಗ್ಗಿ ದಪ್ಪ ಹಾಳೆಯಾಗುತ್ತದೆ.

ಪ್ರಶ್ನೆ: ನಮ್ಮ ಕಡೆ ಕಂಬಳಿ ನೇಯ್ಗೆ ಇದೆ. ಆ ಕುರಿ ಉಣ್ಣೆಯ ನೂಲಿನಲ್ಲಿ ಸ್ವೆಟರ್ ಹಾಕಬಹುದೇ ಅಕ್ಕಾ? ಹೊರಗಿನ ದಾರ ಯಾಕೆ ತರಿಸಬೇಕು ಅನ್ನಿಸುತ್ತದೆ.
— ಅಂಗನವಾಡಿ ಕಾರ್ಯಕರ್ತೆ, ಚಳ್ಳಕೆರೆ

ಉತ್ತರ: ತಂಗಿ, ನಿಮ್ಮ ಪ್ರಶ್ನೆ ಓದಿ ಮನಸ್ಸು ತುಂಬಿತು. ಚಳ್ಳಕೆರೆಯ ಕಂಬಳಿ ಗೊತ್ತಿಲ್ಲದವರು ಯಾರು? ಆದರೆ ಉಳ್ಳದ್ದು ಹೇಳುತ್ತೇನೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ಅದರಲ್ಲಿ ಕೂದಲಿನಂಥ ಎಳೆ ಜಾಸ್ತಿ. ಮೈಗೆ ತಾಗುವ ಸ್ವೆಟರ್‌ಗೆ ಆಗುವುದಿಲ್ಲ, ಚುಚ್ಚುತ್ತದೆ. ಮಕ್ಕಳಿಗಂತೂ ಬೇಡವೇ ಬೇಡ.

ಅಂಗಿಯ ಮೇಲೆ ಹಾಕುವ ತೋಳಿಲ್ಲದ ಜಾಕೀಟಿಗೆ ಮಾತ್ರ ಇದಕ್ಕಿಂತ ಗಟ್ಟಿಯಾದದ್ದು ಸಿಗದು. ನೇಕಾರರು ಮಗ್ಗದ ಹಾಸು ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚುವ ಮೊದಲೇ ಅವರ ಹತ್ತಿರ ನೂಲು ಕೇಳಿ ತನ್ನಿ. ಗಂಜಿ ಹಚ್ಚಿದ್ದು ಕಡ್ಡಿಯ ಮೇಲೆ ಓಡುವುದಿಲ್ಲ. ಒಂಟಿ ಎಳೆಯಾಗಿ ಹೆಣೆದರೆ ಬಟ್ಟೆ ಓರೆಯಾಗಿ ತಿರುಚಿಕೊಳ್ಳುತ್ತದೆ. ಎರಡು ಎಳೆ ಸೇರಿಸಿ, ನೂತದ್ದಕ್ಕೆ ಎದುರು ದಿಕ್ಕಿನಲ್ಲಿ ಹುರಿ ಹಾಕಿಸಿಕೊಳ್ಳಿ. ಲಡಿ ಮಾಡಿ ಅಂಟುವಾಳಕಾಯಿ ನೀರಿನಲ್ಲಿ ನೆನೆಸಿದರೆ ಜಿಡ್ಡು, ಕುರಿ ವಾಸನೆ ಎರಡೂ ಕಡಿಮೆಯಾಗುತ್ತವೆ. 6 ಅಥವಾ 7ನೇ ನಂಬರ್ ಕಡ್ಡಿ, ಸಾದಾ ಹೆಣಿಗೆ, ಒಳಗೆ ಹತ್ತಿ ಬಟ್ಟೆಯ ಲೈನಿಂಗ್. ಬಣ್ಣ ಹಾಕಿಸಬೇಡಿ. ಆ ಕಪ್ಪು, ಕಂದು ಬಣ್ಣ ಕುರಿಯದೇ ಸ್ವಂತದ್ದು, ಅದರ ಮುಂದೆ ಬೇರೆ ಬಣ್ಣ ಬೇಕಿಲ್ಲ. ನೀವು ಒಂದು ಹಾಕಿದರೆ ಫೋಟೋ ಕಳಿಸಿ, ನೋಡುವ ಆಸೆ ನನಗಿದೆ.

ಪ್ರಶ್ನೆ: ಕ್ರೋಶಾದಲ್ಲಿ ಹಳೇ ಕಾಲದ ಬ್ಲೌಸ್ ಹಾಕಲು ಹೊರಟೆ. ಪುಸ್ತಕದಲ್ಲಿ ಹೇಳಿದ ಹಾಗೇ ಹಾಕಿದರೂ ಚಿತ್ರದಲ್ಲಿ ಇರುವುದಕ್ಕಿಂತ ಎರಡರಷ್ಟು ಉದ್ದ ಬರುತ್ತಿದೆ!
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ. ಆ ಪುಸ್ತಕ ಬಹುಶಃ ಇಂಗ್ಲೆಂಡಿನದು, ನೀವು ಕಲಿತದ್ದು ಅಮೆರಿಕದ ಹೆಸರುಗಳಲ್ಲಿ. ಇಂಗ್ಲೆಂಡಿನವರು ಡಬಲ್ ಕ್ರೋಶೆ ಅನ್ನುವುದನ್ನು ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುತ್ತಾರೆ. ಇಂಗ್ಲೆಂಡಿನ ಟ್ರೆಬಲ್ ಅಮೆರಿಕದ ಡಬಲ್. ಹೀಗೆ ಒಂದೊಂದು ಮೆಟ್ಟಿಲು ವ್ಯತ್ಯಾಸ. ಡಬಲ್ ಅಂದಲ್ಲೆಲ್ಲ ನೀವು ಒಂದು ಸುತ್ತು ಜಾಸ್ತಿ ಹಾಕುತ್ತಿದ್ದೀರಿ, ಅದಕ್ಕೇ ಉದ್ದ. ಒಂದು ಮೆಟ್ಟಿಲು ಇಳಿಸಿ ಹಾಕಿ ನೋಡಿ.

ದಾರದ ನಂಬರ್ ಕೂಡ ನೋಡಿಕೊಳ್ಳಿ. ಕ್ರೋಶಾ ದಾರದಲ್ಲಿ 40 ಅಂದರೆ 20ಕ್ಕಿಂತ ಸಣ್ಣ. ಟೇಬಲ್ ಕ್ಲಾತಿಗೆ, ಬಾಗಿಲ ತೋರಣಕ್ಕೆ ಬಳಸುವ ಗಟ್ಟಿ ಹುರಿಯ ದಾರ ಬ್ಲೌಸಿಗೆ ಬೇಡ, ಮೈ ಮೇಲೆ ಬಿರುಸಾಗಿ ನಿಲ್ಲುತ್ತದೆ. ಮೆತ್ತನೆ ಹತ್ತಿ ದಾರ ತೆಗೆದುಕೊಂಡು, ಹುಕ್ ಒಂದು ಸೈಜ್ ದಪ್ಪದ್ದು ಹಿಡಿದರೆ ಬಟ್ಟೆ ಬಳುಕುತ್ತದೆ.

ಪ್ರಶ್ನೆ: ನಮ್ಮ ಬಿಸಿಲಿಗೆ ಸ್ವೆಟರ್ ಹಾಕುವುದೇ ವರ್ಷಕ್ಕೆ ನಾಲ್ಕು ದಿನ. ಅಷ್ಟಕ್ಕೆ ಇಷ್ಟು ಶ್ರಮ ಯಾಕೆ ಅಂತ ಮನೆಯವರು ಕೇಳುತ್ತಾರೆ. ಏನು ಹೇಳಲಿ?
— ಗೃಹಿಣಿ, ದಾವಣಗೆರೆ

ಉತ್ತರ: ಹತ್ತಿಯಲ್ಲಿ ಹಾಕಿ, ವರ್ಷಪೂರ್ತಿ ಹಾಕಿಕೊಳ್ಳಿ ಅಂತ ಹೇಳಿ. ನಮ್ಮದು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಹತ್ತಿ ಗಿರಣಿಗಳ ಸೈರನ್ ಕೇಳಿಕೊಂಡು ಬೆಳೆದವರು ಉಲನ್ ಒಂದನ್ನೇ ನೆಚ್ಚಿಕೊಂಡು ಕೂರಬೇಕಿಲ್ಲ. 1930ರ ದಶಕದಲ್ಲಿ ಯುರೋಪಿನಲ್ಲೂ ಬೇಸಿಗೆಗೆ ಅಂತ ಜಾಲರಿ ಡಿಸೈನಿನ ಗಿಡ್ಡ ತೋಳಿನ ಹೆಣಿಗೆ ಬ್ಲೌಸ್‌ಗಳಿದ್ದವು. ಅಂಥದ್ದನ್ನು ತೆಳ್ಳನೆ ಹತ್ತಿ ದಾರದಲ್ಲಿ ಹಾಕಿ.

ಹತ್ತಿಗೆ ಉಲನ್ನಿನ ಹಾಗೆ ಎಳೆದರೆ ಮತ್ತೆ ಸೇರಿಕೊಳ್ಳುವ ಗುಣ ಇಲ್ಲ, ತೂಕವೂ ಜಾಸ್ತಿ. ಬಾರ್ಡರಿಗೆ ಎರಡು ನಂಬರ್ ಸಣ್ಣ ಕಡ್ಡಿ ಹಿಡಿಯಿರಿ, ಒಳಗೆ ತೆಳು ಎಲಾಸ್ಟಿಕ್ ದಾರ ಓಡಿಸಿ. ಉದ್ದ ಒಂದು ಇಂಚು ಕಡಿಮೆಯೇ ಇರಲಿ, ಹಾಕುತ್ತಾ ಹಾಕುತ್ತಾ ತಾನೇ ಇಳಿಯುತ್ತದೆ.

ಪ್ರಶ್ನೆ: ಅಜ್ಜನ ಹಳೇ ಫೋಟೋದಲ್ಲಿ ಇರುವಂಥ, ಬಣ್ಣ ಬಣ್ಣದ ಡಿಸೈನಿನ, ವಿ ಕುತ್ತಿಗೆಯ ತೋಳಿಲ್ಲದ ಸ್ವೆಟರ್ ನಾನೇ ಹಾಕಬೇಕೆಂದಿದ್ದೇನೆ. ಗಂಡಸರು ಕಲಿಯಬಹುದೇ ಮೇಡಂ?
— ಹೈಸ್ಕೂಲ್ ಮೇಷ್ಟ್ರು, ಹೊಳಲ್ಕೆರೆ

ಉತ್ತರ: ಧಾರಾಳವಾಗಿ ಕಲಿಯಿರಿ ಮೇಷ್ಟ್ರೇ. ನಮ್ಮ ಕಡೆ ಕಂಬಳಿ ನೇಯುವವರಲ್ಲಿ ಗಂಡಸರಿಲ್ಲವೇ? ಉಲನ್ ದಾರಕ್ಕೆ ಗಂಡು ಹೆಣ್ಣೆಂಬ ಭೇದ ಇಲ್ಲ.

ನೀವು ಹೇಳುವ ಡಿಸೈನಿಗೆ ಫೇರ್ ಐಲ್ ಅನ್ನುತ್ತಾರೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಒಂದು ಪುಟ್ಟ ದ್ವೀಪದ ಹೆಸರು ಅದು. ಆಗಿನ ವೇಲ್ಸ್ ರಾಜಕುಮಾರ, ಮುಂದೆ ಎಂಟನೇ ಎಡ್ವರ್ಡ್ ಆದವರು, 1922ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಗಾಲ್ಫ್ ಆಡುವಾಗ ಅಂಥ ಸ್ವೆಟರ್ ಹಾಕಿದ್ದರು. ಅಲ್ಲಿಂದ ಅದು ಎಲ್ಲ ಕಡೆ ಫ್ಯಾಷನ್ ಆಯಿತು.

ನೋಡಲು ಎಷ್ಟೇ ಬಣ್ಣ ಇದ್ದರೂ ಒಂದು ಸಾಲಿನಲ್ಲಿ ಇರುವುದು ಎರಡೇ ಬಣ್ಣ. ಇದೊಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಹೆಣೆಯದ ಬಣ್ಣ ಹಿಂದೆ ಅಡ್ಡ ಹಾಯುತ್ತದೆ. ಅದನ್ನು ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ. ಬಣ್ಣ ಬದಲಿಸುವ ಮುಂಚೆ ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಹರಡಿ, ಆಮೇಲೆ ಹೊಸ ಬಣ್ಣ ಹಿಡಿಯಿರಿ. ಐದು ಕುಣಿಕೆಗಿಂತ ದೂರ ಹಾಯುವ ಡಿಸೈನ್ ಮೊದಲಿಗೆ ಬೇಡ. ಚುಕ್ಕಿ ರಂಗೋಲಿಯ ಕಾಗದದ ಮೇಲೆ ನೀವೇ ಒಂದು ಡಿಸೈನ್ ಬಿಡಿಸಿಕೊಳ್ಳಬಹುದು, ಗಣಿತದ ಮೇಷ್ಟ್ರಾದರೆ ಇನ್ನೂ ಸುಲಭ.

ವಿ ಕುತ್ತಿಗೆಗೆ ಮಧ್ಯದ ಒಂದು ಕುಣಿಕೆಯನ್ನು ಸೇಫ್ಟಿ ಪಿನ್ನಿನಲ್ಲಿ ಹಿಡಿದಿಡಿ. ಎರಡೂ ಪಕ್ಕ ಬೇರೆ ಬೇರೆ ಹೆಣೆಯಿರಿ. ಕೊನೆಗೆ ಕುತ್ತಿಗೆಯ ಪಟ್ಟಿ ಹಾಕುವಾಗ ಆ ಕುಣಿಕೆಯನ್ನು ಮತ್ತೆ ಕಡ್ಡಿಗೆ ಏರಿಸಿ, ಅದರ ಆಚೆ ಈಚೆ ಒಂದೊಂದು ಕಡಿಮೆ ಮಾಡುತ್ತಾ ಬನ್ನಿ. ತುದಿ ಚೂಪಾಗಿ ಕೂರುತ್ತದೆ.

ಪ್ರಶ್ನೆ: ನನಗೆ ಇಂಗ್ಲಿಷ್ ಬರುವುದಿಲ್ಲ. ಪ್ಯಾಟರ್ನ್ ಇಲ್ಲದೆ ಸ್ವೆಟರ್ ಹಾಕಲು ದಾರಿ ಇದೆಯೇ?
— ಓದುಗರು, ಹಿರಿಯೂರು

ಉತ್ತರ: ಇದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ ಅನ್ನುವವರು ಶೇಕಡಾ ಲೆಕ್ಕದ ಒಂದು ದಾರಿ ಹೇಳಿಕೊಟ್ಟಿದ್ದಾರೆ. ಎದೆಯ ಸುತ್ತಿನ ಕುಣಿಕೆ 200 ಅಂದುಕೊಳ್ಳಿ. ಸೊಂಟದ ಬಾರ್ಡರಿಗೆ ಅದರ ಶೇ. 90, ಅಂದರೆ 180. ಮಣಿಕಟ್ಟಿಗೆ ಶೇ. 20, ಅಂದರೆ 40 ಕುಣಿಕೆ. ತೋಳಿನ ಮೇಲ್ಭಾಗಕ್ಕೆ ಮೂರನೇ ಒಂದು ಭಾಗ, 66. ಕುತ್ತಿಗೆಗೆ ಶೇ. 40, ಅಂದರೆ 80. ಸುತ್ತುಗಡ್ಡಿಯಲ್ಲಿ ಗುಂಡಗೆ ಹೆಣೆದರೆ ಪಕ್ಕದ ಹೊಲಿಗೆಯೂ ಇಲ್ಲ. ಒಂದು ಅಕ್ಷರ ಇಂಗ್ಲಿಷ್ ಬೇಡ.

ಪ್ರಶ್ನೆ: ಬಾಣಂತನಕ್ಕೆ ಬಂದ ಮಗಳ ಕೂಸಿಗೆ ನಾನೇ ಹಿಂದೆ ಹಾಕಿದ್ದ ಕುಲಾವಿ, ಸ್ವೆಟರ್ ಟ್ರಂಕಿನಿಂದ ತೆಗೆದಿದ್ದೇನೆ. ನುಸಿ ಗುಳಿಗೆ ವಾಸನೆ ಇದೆ. ಹಾಕಬಹುದೇ?
— ಅಜ್ಜಿ, ಚನ್ನಗಿರಿ

ಉತ್ತರ: ಹಾಗೇ ಹಾಕಬೇಡಿ ತಾಯಿ. ನುಸಿ ಗುಳಿಗೆಯ ಗಾಳಿ ಕೆಲವು ಹಸುಗೂಸುಗಳ ರಕ್ತಕ್ಕೆ ಕೆಡುಕು ಮಾಡುತ್ತದೆ. ಒಗೆದು, ಹೊರಗೆ ಗಾಳಿಗೆ ಹರವಿ, ವಾಸನೆ ಒಂಚೂರೂ ಇಲ್ಲ ಅಂತಾದ ಮೇಲೆ ಮಾತ್ರ ಬಳಸಿ. ವಾಸನೆ ಹೋಗದಿದ್ದರೆ ಹೊಸದೇ ಹಾಕಿ, ಕುಲಾವಿ ಎರಡು ಸಂಜೆಯ ಕೆಲಸ. ಕೂಸಿನ ಬೆರಳು ಸಿಕ್ಕಿಕೊಳ್ಳುವಂಥ ದೊಡ್ಡ ತೂತಿನ ಡಿಸೈನ್ ಬೇಡ, ಕತ್ತಿನ ಹತ್ತಿರ ಉದ್ದ ಲಾಡಿಯೂ ಬೇಡ.

ಇನ್ನು ಮುಂದೆ ಎತ್ತಿಡುವಾಗ ಒಗೆದು, ಪೂರ್ತಿ ಒಣಗಿಸಿ ಇಡಿ. ಹುಳ ಹೆಚ್ಚಾಗಿ ಬರುವುದು ಬೆವರು, ಕೊಳೆ ಇರುವ ಉಲನ್‌ಗೆ. ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಒಣಗಿದ ಬೇವಿನ ಸೊಪ್ಪು ಇಟ್ಟು, ಎರಡು ತಿಂಗಳಿಗೊಮ್ಮೆ ತೆಗೆದು ಕೊಡವಿ, ಮಡಿಕೆ ಬದಲಿಸಿ ಇಡಿ.